ಕಾವಲಿದ್ದೂ ಬೆಳೆದ ಗೆಡ್ಡೆ

ಮೂರು ವರ್ಷದ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ, ತಲೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದ ನನ್ನ ದೊಡ್ಡಪ್ಪ ಒಂದು ಪ್ರಶ್ನೆ ಕೇಳಿದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಜೀವಮಾನವಿಡೀ ಬರಿಗಾಲಲ್ಲಿ ಓಡಾಡಿದವರು ಅವರು.

“ಅಲ್ಲ ಮಾರಾಯ, ಕಾಲಿಗೆ ಒಂದು ಮುಳ್ಳು ನೆಟ್ಟರೆ ಎರಡು ದಿನದಲ್ಲಿ ಕೀವು ಕಟ್ಟಿ ಮೈ ಅದನ್ನ ಆಚೆ ಹಾಕ್ತದೆ. ತಲೆ ಒಳಗೆ ನಿಂಬೆಹಣ್ಣಿನಷ್ಟು ದೊಡ್ಡದು ಬೆಳೀತಾ ಇದ್ರೆ ಅದೇ ಮೈಗೆ ಗೊತ್ತೇ ಆಗ್ಲಿಲ್ವಾ?”

ಅದಕ್ಕೂ ಒಂದು ತಿಂಗಳ ಮುಂಚೆ ಅವರಿಗೆ ಪದಗಳು ತಪ್ಪತೊಡಗಿದ್ದವು. ಚೊಂಬು ಬೇಕಾದಾಗ ಕತ್ತಿ ಕೊಡು ಅನ್ನುತ್ತಿದ್ದರು. ವಯಸ್ಸಾಯಿತು ಎಂದು ಮನೆಯವರು ನಕ್ಕು ಸುಮ್ಮನಾಗಿದ್ದರು. ಸ್ಕ್ಯಾನು, ಆಪರೇಷನ್ನು, ಬಯಾಪ್ಸಿ ಎಲ್ಲ ಆದ ಮೇಲೆ ಬಂದ ಹೆಸರು ಗ್ಲಿಯೋಬ್ಲಾಸ್ಟೋಮಾ. ನಾನು ಪಿಎಚ್‌ಡಿ ಮಾಡುತ್ತಿರುವುದು ವಿಜ್ಞಾನದ ಇತಿಹಾಸದಲ್ಲಿ. ಮನೆಯವರ ಲೆಕ್ಕದಲ್ಲಿ ಇದು ಡಾಕ್ಟರಿಕೆಗೆ ಹತ್ತಿರದ್ದೇನೋ ಇರಬೇಕು. “ಓದಿ ಹೇಳ್ತೀನಿ ದೊಡ್ಡಪ್ಪ” ಎಂದೆ. ಈ ಬರಹ ಆ ಮಾತನ್ನು ಉಳಿಸಿಕೊಳ್ಳುವ ಪ್ರಯತ್ನ. ತಡವಾಗಿದೆ.

ಓದತೊಡಗಿದಾಗ ಮೊದಲು ಸಿಕ್ಕಿದ್ದು ಅವರು ಹೇಳಿದ ಮುಳ್ಳೇ.

*

1882ರಲ್ಲಿ ರಷ್ಯಾ ಸಾಮ್ರಾಜ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಕ್ನಿಕಾಫ್ ಸಿಸಿಲಿಯ ಮೆಸ್ಸೀನಾ ಊರಿನಲ್ಲಿ ಬಿಡಾರ ಹೂಡಿದ್ದ. ಒಂದು ದಿನ ಮನೆಯವರೆಲ್ಲ ಸರ್ಕಸ್ಸಿನ ಕೋತಿಗಳನ್ನು ನೋಡಲು ಹೋಗಿದ್ದಾಗ ಅವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕೂತು ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದ. ಈ ಮರಿಗಳ ಮೈ ಗಾಜಿನಂತೆ ಪಾರದರ್ಶಕ, ಒಳಗೆ ಓಡಾಡುವ ಕೋಶಗಳು ಕಾಣುತ್ತವೆ. ಹೊರಗಿನಿಂದ ಏನಾದರೂ ಚುಚ್ಚಿಕೊಂಡರೆ ಈ ಕೋಶಗಳು ಅಲ್ಲಿಗೆ ಓಡಿ ಬಂದಾವೇ ಎಂಬ ಯೋಚನೆ ಅವನಿಗೆ ಬಂತು. ಅಂಗಳದ ಗುಲಾಬಿ ಗಿಡದಿಂದ ಮುಳ್ಳು ಕಿತ್ತು ತಂದು ಮರಿಗಳ ಮೈಯೊಳಗೆ ಚುಚ್ಚಿದ. ರಾತ್ರಿಯಿಡೀ ನಿದ್ದೆ ಬರಲಿಲ್ಲ ಎಂದು ಅವನೇ ಮುಂದೆ ನೆನಪಿಸಿಕೊಂಡಿದ್ದಾನೆ. ಬೆಳಗಿನ ಜಾವ ನೋಡಿದರೆ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ಹೊರಗಿನದನ್ನು ಸುತ್ತುವರಿದು ನುಂಗುವ ಈ ಕೋಶಗಳಿಗೆ ‘ಫ್ಯಾಗೋಸೈಟ್’ ಎಂಬ ಹೆಸರು ಬಂತು. ನಮ್ಮ ಮೈ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ ಎಂಬ ಮಾತಿಗೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು.

1908ರ ನೊಬೆಲ್ ಪ್ರಶಸ್ತಿಯನ್ನು ಮೆಕ್ನಿಕಾಫ್ ಜರ್ಮನಿಯ ಪಾಲ್ ಎರ್ಲಿಕ್ ಜೊತೆ ಹಂಚಿಕೊಂಡ. ನಮ್ಮ ಕಥೆಯ ಇನ್ನೊಂದು ಎಳೆ ಈ ಎರ್ಲಿಕ್‌ನ ಪ್ರಯೋಗದಿಂದ ಶುರುವಾಗುತ್ತದೆ. 1885ರಲ್ಲಿ ಅವನು ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿ ನೋಡಿದ್ದ. ಮೈಯ ಅಂಗಗಳೆಲ್ಲ ಬಣ್ಣ ಕುಡಿದವು, ಮಿದುಳು ಮಾತ್ರ ಬೆಳ್ಳಗೆ ಉಳಿಯಿತು. ಮಿದುಳಿಗೆ ಆ ಬಣ್ಣವನ್ನು ಹೀರುವ ಗುಣ ಇಲ್ಲ ಎಂದು ಅವನು ಅಂದುಕೊಂಡ. ಅವನ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಬಣ್ಣವನ್ನು ನೇರವಾಗಿ ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದಾಗ ಮಿದುಳು ನೀಲಿಯಾಯಿತು, ಉಳಿದ ಮೈ ಆಗಲಿಲ್ಲ. ಅಂದರೆ ನಡುವೆ ಒಂದು ತಡೆ ಇದೆ. ಮಿದುಳಿನ ರಕ್ತನಾಳಗಳ ಒಳಪದರದ ಕೋಶಗಳು ಸಂದಿಲ್ಲದಂತೆ ಹೊಂದಿಕೊಂಡಿರುವುದೇ ಈ ತಡೆ ಎಂಬುದು ಗೊತ್ತಾಗಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಾಲ ಬರಬೇಕಾಯಿತು.

ಒಬ್ಬ ತೋರಿಸಿದ್ದು ಕಾವಲುಗಾರರನ್ನು, ಇನ್ನೊಬ್ಬನ ಕೆಲಸದಿಂದ ಹೊಳೆದದ್ದು ಗೋಡೆ. ಮುಂದಿನ ನೂರು ವರ್ಷ ಮಿದುಳಿನ ವಿಷಯದಲ್ಲಿ ಗೋಡೆಯ ಕಥೆಯೇ ಹೆಚ್ಚು ನಡೆಯಿತು.

*

1921ರಲ್ಲಿ ಜಪಾನಿನ ಯುಟಾಕ ಶಿರಾಯ್ ಇಲಿಯ ಗೆಡ್ಡೆಯೊಂದರ ಚೂರನ್ನು ಬೇರೆ ಜಾತಿಯ ಪ್ರಾಣಿಗೆ ಕಸಿ ಮಾಡಿದ. ಚರ್ಮದಡಿ ಇಟ್ಟಾಗ ಚೂರು ಸತ್ತುಹೋಯಿತು. ಮಿದುಳಿನಲ್ಲಿ ಇಟ್ಟಾಗ ಬೆಳೆಯಿತು.

ಎರಡು ವರ್ಷದ ನಂತರ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಜೇಮ್ಸ್ ಮರ್ಫಿ ಮತ್ತು ಅರ್ನೆಸ್ಟ್ ಸ್ಟರ್ಮ್ ಇದೇ ಪ್ರಶ್ನೆಯನ್ನು ಇನ್ನಷ್ಟು ಅಚ್ಚುಕಟ್ಟಾಗಿ ಕೈಗೆತ್ತಿಕೊಂಡರು. ಸುಂಡಿಲಿಯ ಗೆಡ್ಡೆಯನ್ನು ದೊಡ್ಡ ಇಲಿಯ ಚರ್ಮದಡಿ ಇಟ್ಟರೆ ಅದು ಉಳಿಯುತ್ತಿರಲಿಲ್ಲ. ಇಲಿಯ ಮಿದುಳಿನ ಒಳಗೆ ಇಟ್ಟರೆ ಭರದಿಂದ ಬೆಳೆಯುತ್ತಿತ್ತು. ಇಷ್ಟು ಎಲ್ಲ ಪಠ್ಯಪುಸ್ತಕಗಳೂ ಹೇಳುವ ಮಾತು.

ಅವರ 1923ರ ಪ್ರಬಂಧದಲ್ಲಿ ಇನ್ನೂ ಎರಡು ಸಂಗತಿಗಳಿವೆ. ಮೊದಲನೆಯದು, ಗೆಡ್ಡೆಯ ಚೂರು ಮಿದುಳಿನ ಮಾಂಸದೊಳಗೇ ಇದ್ದರೆ ಬೆಳೆಯುತ್ತಿತ್ತು. ಮಿದುಳಿನ ನಡುವೆ ದ್ರವ ತುಂಬಿದ ಪೊಳ್ಳು ಜಾಗಗಳಿವೆ, ವೆಂಟ್ರಿಕಲ್ ಎನ್ನುತ್ತಾರೆ. ಚೂರು ಆ ಪೊಳ್ಳಿಗೆ ತಾಗಿದರೆ ಸಾಕು, ಕೋಶಗಳು ಮುತ್ತಿಕೊಂಡು ಅದನ್ನು ಮುಗಿಸಿಬಿಡುತ್ತಿದ್ದವು. ಎರಡನೆಯದು ಇನ್ನೂ ಸೋಜಿಗದ್ದು. ಗೆಡ್ಡೆಯ ಜೊತೆಗೆ ಅದೇ ಇಲಿಯ ಗುಲ್ಮದಿಂದ ತೆಗೆದ ಒಂದು ಸಣ್ಣ ತುಣುಕನ್ನು ಮಿದುಳಿನೊಳಗೆ ಇಟ್ಟರೆ ಗೆಡ್ಡೆ ಬೆಳೆಯುತ್ತಿರಲಿಲ್ಲ. ಗುಲ್ಮ ಎಂದರೆ ಬಿಳಿ ರಕ್ತಕಣಗಳ, ಅದರಲ್ಲೂ ಲಿಂಫೋಸೈಟ್‌ಗಳ, ದೊಡ್ಡ ಉಗ್ರಾಣ. ಬೇರೆ ಇಲಿಯ ಗುಲ್ಮ ತಂದಿಟ್ಟರೆ ಈ ಪರಿಣಾಮ ಇರಲಿಲ್ಲ. ಸ್ವಂತದ್ದೇ ಆಗಬೇಕಿತ್ತು.

ಇದರ ಅರ್ಥ ಏನು? ಮಿದುಳಿನೊಳಗೆ ಗೆಡ್ಡೆಯನ್ನು ಕೊಲ್ಲಲು ಆಗುವುದಿಲ್ಲ ಎಂದಲ್ಲ. ಕೊಲ್ಲಬಲ್ಲ ಕೋಶಗಳು ಅಲ್ಲಿ ಇದ್ದರೆ ಕೊಲ್ಲುತ್ತವೆ. ಲಿಂಫೋಸೈಟ್‌ಗಳೇ ಆ ಕೆಲಸದವು ಎಂದು ಮರ್ಫಿ ನಂಬಿದ್ದ, 1926ರಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಆ ಕಾಲಕ್ಕೆ ಲಿಂಫೋಸೈಟ್ ಯಾಕೆ ಇದೆ ಎಂದೇ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮರ್ಫಿಯ ಮಾತನ್ನು ಹೆಚ್ಚಿನವರು ಮರೆತರು. ಲಿಂಫೋಸೈಟ್‌ಗಳಿಗೆ ಅವುಗಳ ಸ್ಥಾನ ಸಿಕ್ಕಿದ್ದು 1950ರ ದಶಕದ ಕೊನೆ ಮತ್ತು 60ರ ದಶಕದಲ್ಲಿ, ಬ್ರಿಟನ್ನಿನ ಜೇಮ್ಸ್ ಗೋವನ್ಸ್, ಜಾಕ್ ಮಿಲ್ಲರ್ ಮೊದಲಾದವರ ಕೆಲಸದಿಂದ.

ಮರ್ಫಿಯ ಪ್ರಬಂಧದ ಮೊದಲ ಅರ್ಧ ಮಾತ್ರ ಉಳಿಯಿತು. ಹೀಗೆ ಆಗಲು ಕಾರಣನಾದವನು ಇನ್ನೊಬ್ಬ ದೊಡ್ಡ ವಿಜ್ಞಾನಿ, ಅದೂ ತಾನು ಬಯಸದೆ.

ಬ್ರೆಜಿಲಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಪೀಟರ್ ಮೆಡವಾರ್ ಎರಡನೇ ಮಹಾಯುದ್ಧದಲ್ಲಿ ಸುಟ್ಟಗಾಯವಾದವರಿಗೆ ಚರ್ಮ ಕಸಿ ಮಾಡುವ ಸಮಸ್ಯೆಯಿಂದ ಈ ಕ್ಷೇತ್ರಕ್ಕೆ ಬಂದವನು. ಬೇರೆಯವರ ಚರ್ಮವನ್ನು ಮೈ ಯಾಕೆ ತಳ್ಳಿಹಾಕುತ್ತದೆ ಎಂಬುದು ಅವನ ಪ್ರಶ್ನೆ. 1948ರಲ್ಲಿ ಅವನು ಮೊಲಗಳ ಮಿದುಳಿನೊಳಗೆ ಬೇರೆ ಮೊಲದ ಚರ್ಮದ ಚೂರನ್ನು ಇಟ್ಟು ನೋಡಿದ. ಅದು ಉಳಿಯಿತು. ಆದರೆ ಅದೇ ದಾನಿಯ ಚರ್ಮವನ್ನು ಮೊದಲೇ ಮೈಯ ಬೇರೆ ಕಡೆ ಕಸಿ ಮಾಡಿ, ಮೊಲದ ರೋಗನಿರೋಧಕ ವ್ಯವಸ್ಥೆಯನ್ನು ಎಚ್ಚರಿಸಿದ್ದರೆ, ಮಿದುಳಿನಲ್ಲಿದ್ದ ಚೂರೂ ನಾಶವಾಯಿತು. ಅವನ ತೀರ್ಮಾನ ಜಾಗರೂಕವಾಗಿತ್ತು. ಮಿದುಳಿನೊಳಗಿನ ಪರಕೀಯ ವಸ್ತು ತಾನಾಗಿ ದೂರು ಹುಟ್ಟಿಸಲಾರದು. ದೂರು ಬೇರೆ ಕಡೆಯಿಂದ ಹೊರಟಿದ್ದರೆ ಅದು ಮಿದುಳಿಗೂ ಬಂದು ತಲುಪುತ್ತದೆ.

ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಹೆಸರು ದೊಡ್ಡದಾದಂತೆ 1948ರ ಪ್ರಬಂಧದ ಸಾರಾಂಶ ಚಿಕ್ಕದಾಗುತ್ತ ಹೋಯಿತು. ಮಿದುಳು ‘ಇಮ್ಯೂನ್ ಪ್ರಿವಿಲೇಜ್’ ಇರುವ ಅಂಗ, ಅಂದರೆ ರೋಗನಿರೋಧಕ ವ್ಯವಸ್ಥೆಯಿಂದ ವಿನಾಯಿತಿ ಪಡೆದ ಜಾಗ ಎಂಬ ಒಂದೇ ಮಾತು ನಿಂತಿತು. ಮಿದುಳಿಗೆ ಗೋಡೆ ಇದೆ, ಅಲ್ಲಿ ದುಗ್ಧನಾಳಗಳಿಲ್ಲ, ಕಸಿ ಮಾಡಿದ್ದು ಅಲ್ಲಿ ಉಳಿಯುತ್ತದೆ. ಮೂರನ್ನೂ ಕೂಡಿಸಿದರೆ ಕೋಟೆಯ ಚಿತ್ರ ಪೂರ್ತಿಯಾಗುತ್ತದೆ. ಈ ಚಿತ್ರದಲ್ಲಿ ಮಿದುಳಿನ ಗೆಡ್ಡೆ ಎಂದರೆ ಕೋಟೆಯೊಳಗೆ ಬಚ್ಚಿಟ್ಟುಕೊಂಡ ಕಳ್ಳ. ಪೊಲೀಸರು ಹೊರಗೆ, ಕಳ್ಳ ಒಳಗೆ. ದೊಡ್ಡಪ್ಪನ ಪ್ರಶ್ನೆಗೆ ಸುಲಭದ ಉತ್ತರ ಇದೇ ಆಗುತ್ತಿತ್ತು.

ಕೋಟೆಯೊಳಗೇ ಒಂದು ಕಾವಲುಪಡೆ ಇದೆ ಎಂಬುದು ಅಷ್ಟು ಹೊತ್ತಿಗೆ ಸ್ಪೇನಿನಲ್ಲಿ ಗೊತ್ತಾಗಿ ಮೂವತ್ತು ವರ್ಷವಾಗಿತ್ತು.

*

ಮಿದುಳಿನಲ್ಲಿ ನರಕೋಶಗಳಷ್ಟೇ ಇಲ್ಲ. ಅವುಗಳ ನಡುವಿನ ಜಾಗವನ್ನು ತುಂಬಿರುವ ವಸ್ತುವಿಗೆ 19ನೇ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ‘ಗ್ಲಿಯಾ’ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಅದಕ್ಕೆ ಅಂಟು ಎಂದರ್ಥ. ಗ್ಲಿಯೋಮಾ, ಗ್ಲಿಯೋಬ್ಲಾಸ್ಟೋಮಾ ಎಂಬ ಹೆಸರುಗಳೆಲ್ಲ ಈ ಅಂಟಿನಿಂದ ಬಂದವು. ಮುಂದೆ ಮ್ಯಾಡ್ರಿಡ್ಡಿನ ಸಾಂಟಿಯಾಗೊ ರಮೋನ್ ಇ ಕಾಹಾಲ್ ನರಕೋಶ ಮತ್ತು ನಕ್ಷತ್ರದಾಕಾರದ ಗ್ಲಿಯಾ ಕೋಶ ಎರಡನ್ನೂ ಬಣ್ಣ ಹಾಕಿ ಬೇರ್ಪಡಿಸಿದ. ಆಮೇಲೂ ಉಳಿದುಹೋದ, ಆಕಾರ ಗೊತ್ತಾಗದ ಕೋಶಗಳನ್ನು ‘ಮೂರನೇ ಘಟಕ’ ಎಂದು ಕರೆದು ಬಿಟ್ಟಿದ್ದ.

ಕಾಹಾಲ್‌ನ ಬಳಗದಲ್ಲೇ ಕೆಲಸ ಮಾಡುತ್ತಿದ್ದ ಪೀಯೊ ದೆಲ್ ರೀಯೊ ಓರ್ಟೇಗಾ ಬೆಳ್ಳಿಯ ಕಾರ್ಬೊನೇಟ್ ಬಳಸಿ ಹೊಸ ಬಣ್ಣದ ವಿಧಾನವೊಂದನ್ನು ರೂಪಿಸಿದ. 1919ರಲ್ಲಿ ಅವನು ಮೂರನೇ ಘಟಕವನ್ನು ಎರಡಾಗಿ ಒಡೆದು ತೋರಿಸಿದ. ಅದರಲ್ಲಿ ಒಂದಕ್ಕೆ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟ. ಸುಮ್ಮನಿದ್ದಾಗ ಇವು ಸಣ್ಣ ಮೈಯಿಂದ ನಾಲ್ಕೂ ಕಡೆ ಕೊಂಬೆ ಚಾಚಿಕೊಂಡಿರುತ್ತವೆ. ಮಿದುಳಿಗೆ ಪೆಟ್ಟಾದರೆ ಕೊಂಬೆಗಳನ್ನು ಒಳಗೆಳೆದುಕೊಂಡು ಉಬ್ಬುತ್ತವೆ, ಸರಿಯುತ್ತವೆ, ಸತ್ತದ್ದನ್ನು ನುಂಗುತ್ತವೆ. ಇವು ನರಕೋಶದ ಕುಲದವಲ್ಲ, ಬೆಳವಣಿಗೆಯ ಕಾಲದಲ್ಲಿ ಹೊರಗಿನಿಂದ ಮಿದುಳಿಗೆ ವಲಸೆ ಬಂದವು ಎಂದೂ ಅವನು ಹೇಳಿದ. ಮೆಕ್ನಿಕಾಫ್‌ನ ಮುಳ್ಳಿಗೆ ಮುತ್ತಿಕೊಂಡ ಕೋಶಗಳ ನೆಂಟರೇ ಇವು.

ಗುರುವಿಗೆ ಇದು ರುಚಿಸಲಿಲ್ಲ. ವೈಯಕ್ತಿಕ ಮನಸ್ತಾಪಗಳೂ ಸೇರಿಕೊಂಡು 1920ರಲ್ಲಿ ಓರ್ಟೇಗಾ ಕಾಹಾಲ್‌ನ ಪ್ರಯೋಗಶಾಲೆ ಬಿಡಬೇಕಾಯಿತು. ಮುಂದೆ ಸ್ಪೇನಿನ ಅಂತರ್ಯುದ್ಧ ಅವನನ್ನು ದೇಶದಿಂದಲೇ ಹೊರಗೆ ಹಾಕಿತು. ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ಅಲೆದು 1945ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡ. ಹೊರಗಿನಿಂದ ಬಂದ ಕೋಶಗಳು ಎಂಬ ಅವನ ಮಾತಿಗೆ ಗಟ್ಟಿ ಪುರಾವೆ ಸಿಕ್ಕಿದ್ದು 2010ರಲ್ಲಿ. ಫ್ಲೋರೆಂಟ್ ಜಿನೂ, ಮಿರಿಯಂ ಮೆರಾದ್ ಮತ್ತು ಸಂಗಡಿಗರು ಇಲಿಗಳಲ್ಲಿ ಈ ಕೋಶಗಳ ಮೂಲ ಹುಡುಕುತ್ತ ಹೋಗಿ, ಭ್ರೂಣದ ತೀರಾ ಮೊದಲ ದಿನಗಳಲ್ಲಿ ಯೋಕ್ ಸ್ಯಾಕ್ ಎಂಬ ಚೀಲದಲ್ಲಿ ಹುಟ್ಟಿ ಮಿದುಳಿಗೆ ಬಂದು ನೆಲೆಸುತ್ತವೆ ಎಂದು ತೋರಿಸಿದರು.

ಮ್ಯಾಡ್ರಿಡ್ಡಿಗೆ 1924ರಲ್ಲಿ ಒಬ್ಬ ತರುಣ ಅಮೆರಿಕನ್ ಶಸ್ತ್ರವೈದ್ಯ ಬಂದಿದ್ದ. ಹೆಸರು ವೈಲ್ಡರ್ ಪೆನ್‌ಫೀಲ್ಡ್. ಮಿದುಳಿನ ನಕ್ಷೆ ಬರೆದವನೆಂದು ಇಂದು ಎಲ್ಲರೂ ಓದುವ ಹೆಸರು. ಅವನು ಬಂದದ್ದು ಓರ್ಟೇಗಾನಿಂದ ಬೆಳ್ಳಿಯ ಬಣ್ಣದ ವಿಧಾನ ಕಲಿಯಲು. ಅದನ್ನು ಗ್ಲಿಯೋಮಾಗಳ ಮೇಲೆ ಪ್ರಯೋಗಿಸಿ 1925ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಗೆಡ್ಡೆಗಳಲ್ಲಿ ಮೈಕ್ರೋಗ್ಲಿಯಾಗಳಿವೆ, ಅವು ಉಬ್ಬಿ, ಸತ್ತ ಕೋಶಗಳ ಕಸವನ್ನು ನುಂಗುತ್ತಿವೆ ಎಂಬುದನ್ನು ಅದರಲ್ಲಿ ವಿವರಿಸಿದ.

1925ರಲ್ಲೇ! ಕಾವಲುಗಾರರು ಗೆಡ್ಡೆಯ ಒಳಗೇ ಇದ್ದಾರೆ ಎಂಬುದು ಅಚ್ಚಾಗಿತ್ತು. ಆದರೆ ಪ್ರಶ್ನೆ ಮುಂದುವರಿಯಲಿಲ್ಲ. ಇದ್ದೂ ಇವರು ಏನು ಮಾಡುತ್ತಿದ್ದಾರೆ ಎಂದು ಕೇಳುವ ಸಲಕರಣೆ ಆಗ ಯಾರ ಬಳಿಯೂ ಇರಲಿಲ್ಲ. ಕಸ ಗುಡಿಸಲು ಬಂದವರು ಎಂದು ಬಿಟ್ಟುಬಿಟ್ಟರು.

ಮೂರು ವರ್ಷದ ನಂತರ, 1928ರಲ್ಲಿ, ಪೆನ್‌ಫೀಲ್ಡ್ ತನ್ನ ಸ್ವಂತ ಅಕ್ಕ ರೂತ್‌ಳ ಮಿದುಳಿನ ಗೆಡ್ಡೆಯ ಶಸ್ತ್ರಚಿಕಿತ್ಸೆ ಮಾಡಿದ. ಎಷ್ಟು ತೆಗೆದರೂ ಪೂರ್ತಿ ತೆಗೆಯಲಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಅವಳು ತೀರಿಕೊಂಡಳು. ಅದೇ ವರ್ಷ ಅಮೆರಿಕದ ಇನ್ನೊಬ್ಬ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಇನ್ನೂ ಮುಂದೆ ಹೋಗಿದ್ದ. ಗೆಡ್ಡೆ ಬೆಳೆದ ಬಲಬದಿಯ ಅರ್ಧ ಮಿದುಳನ್ನೇ ತೆಗೆದ ರೋಗಿಗಳ ವರದಿ ಅವನದು. ಆಮೇಲೂ ಕಾಯಿಲೆ ಮರಳಿ ಬರುವುದನ್ನು ತಡೆಯಲಾಗಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ನಾನು ಹೋದಾಗ ಇದು ಯಾಕೆ ಹೀಗೆ ಎಂದು ಸ್ವಲ್ಪ ತಿಳಿಯಿತು. ಈ ಜಾತಿಯ ಗೆಡ್ಡೆಗೆ ಕಲ್ಲಿಗಿರುವಂತೆ ಅಂಚಿರುವುದಿಲ್ಲ. ನೀರಿಗೆ ಬಿದ್ದ ಮಸಿಯಂತೆ ಅಂಚು ಕದಡಿಕೊಂಡಿರುತ್ತದೆ. ಗೆಡ್ಡೆ ಎಲ್ಲಿ ಮುಗಿಯಿತು, ಮಿದುಳು ಎಲ್ಲಿ ಶುರುವಾಯಿತು ಎಂದು ಕಣ್ಣು ಹೇಳಲಾರದು. ಕತ್ತಿ ಹೋಗಲಾಗದ ಕಡೆಗೂ ಕೋಶಗಳು ಹೋಗಿರುತ್ತವೆ. ಹೀಗಾಗಿ ಮೈಯ ಸ್ವಂತ ಕೋಶಗಳೇ ಬೆನ್ನಟ್ಟಿ ಹೋಗುವಂತಿದ್ದರೆ ಎಂಬ ಆಸೆ ಈ ಕಾಯಿಲೆಯಲ್ಲಿ ಉಳಿದ ಕ್ಯಾನ್ಸರುಗಳಿಗಿಂತ ಹೆಚ್ಚು.

*

ಗೆಡ್ಡೆ ಬಚ್ಚಿಟ್ಟುಕೊಂಡಿಲ್ಲ ಎಂಬ ಅನುಮಾನ 1970ರ ದಶಕದಲ್ಲಿ ಬಲವಾಯಿತು. 1971ರಲ್ಲಿ ಲಂಡನ್ನಿನ ರಿಡ್ಲಿ ಮತ್ತು ಕ್ಯಾವನಾ, ಗ್ಲಿಯೋಮಾಗಳ ರಕ್ತನಾಳಗಳ ಸುತ್ತ ಲಿಂಫೋಸೈಟ್‌ಗಳು ಸೇರಿಕೊಂಡಿರುವುದನ್ನು ವರದಿ ಮಾಡಿದರು. ಮೈ ಪ್ರತಿಭಟಿಸುತ್ತಿದೆ ಎಂಬುದಕ್ಕೆ ಅದು ಗುರುತು. ಮರುವರ್ಷ ಅಮೆರಿಕದ ಬ್ರೂಕ್ಸ್ ಮತ್ತು ಸಂಗಡಿಗರು ಮಿದುಳಿನ ಗೆಡ್ಡೆ ಇರುವವರ ರಕ್ತ ಪರೀಕ್ಷಿಸಿದರು. ಅವರ ಲಿಂಫೋಸೈಟ್‌ಗಳು ಮಂಕಾಗಿದ್ದವು. ಗೆಡ್ಡೆ ಇರುವುದು ತಲೆಬುರುಡೆಯೊಳಗೆ, ಮಂಕು ಕವಿದಿರುವುದು ಇಡೀ ಮೈಯ ರಕ್ತಕ್ಕೆ. ಕೋಟೆಯ ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ.

ಉತ್ತರದ ಮೊದಲ ತುಂಡು ಸಿಕ್ಕಿದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಆಡ್ರಿಯಾನೊ ಫೊಂಟಾನಾ ಮತ್ತು ಸಂಗಡಿಗರು ಗ್ಲಿಯೋಬ್ಲಾಸ್ಟೋಮಾ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವು ಬೆಳೆದ ದ್ರವವನ್ನು ಮಾತ್ರ ಬಸಿದುಕೊಂಡು ಟಿ ಕೋಶಗಳ ಮೇಲೆ ಹಾಕಿದರು. ಟಿ ಕೋಶ ಎಂದರೆ ಪರಕೀಯ ಕೋಶಗಳನ್ನು ಗುರುತಿಸಿ ಕೊಲ್ಲುವ ಲಿಂಫೋಸೈಟ್. ಎಚ್ಚರಗೊಂಡ ಟಿ ಕೋಶ ಸಂಖ್ಯೆಯಲ್ಲಿ ಹೆಚ್ಚಬೇಕು. ಈ ದ್ರವ ಬಿದ್ದರೆ ಹೆಚ್ಚುತ್ತಿರಲಿಲ್ಲ. 1984ರ ಈ ಕೆಲಸದ ಬೆನ್ನು ಹತ್ತಿ, ದ್ರವದಲ್ಲಿದ್ದ ಆ ವಸ್ತು ಯಾವುದೆಂದು 1987ರಲ್ಲಿ ಕಂಡುಹಿಡಿದರು. ಇಂದು ಅದನ್ನು ಟಿಜಿಎಫ್-ಬೀಟಾ 2 ಎಂದು ಕರೆಯುತ್ತಾರೆ. ಇದೇನೂ ವಿಷವಲ್ಲ. ನಮ್ಮ ಮೈಯೇ ಗಾಯ ಮಾಯುವಾಗ, ಉರಿಯೂತ ಮಿತಿಮೀರದಂತೆ ತಡೆಯುವಾಗ ಬಳಸುವ ಸಂದೇಶವಾಹಕ. ಗದ್ದಲ ನಿಲ್ಲಿಸಿ ಎಂದು ಹೇಳುವ ಮನೆಯದೇ ಮಾತನ್ನು ಗೆಡ್ಡೆ ಕಲಿತುಕೊಂಡಿತ್ತು.

ಎರಡನೇ ತುಂಡು ಓರ್ಟೇಗಾನ ಕೋಶಗಳದ್ದು. ಗ್ಲಿಯೋಬ್ಲಾಸ್ಟೋಮಾದ ಕೋಶಗಳನ್ನು ಎಣಿಸಿದರೆ ಅದರಲ್ಲಿ ಮೂರನೇ ಒಂದರಷ್ಟು, ಕೆಲವೊಮ್ಮೆ ಅರ್ಧದಷ್ಟು, ಕ್ಯಾನ್ಸರ್ ಕೋಶಗಳೇ ಅಲ್ಲ. ಅವು ಮೈಕ್ರೋಗ್ಲಿಯಾಗಳು ಮತ್ತು ರಕ್ತದಿಂದ ಬಂದು ಸೇರಿದ ಅವುಗಳ ದಾಯಾದಿಗಳಾದ ಮ್ಯಾಕ್ರೋಫೇಜ್‌ಗಳು. ಗೆಡ್ಡೆಯೇ ರಾಸಾಯನಿಕ ಸಂಕೇತ ಕಳಿಸಿ ಅವನ್ನು ಕರೆಸಿಕೊಳ್ಳುತ್ತದೆ. ಬಂದವು ಕೊಲ್ಲುವ ಬದಲು ಗಾಯ ಮಾಯಿಸುವ ಕೆಲಸಕ್ಕೆ ತೊಡಗುತ್ತವೆ. ಬೆಳವಣಿಗೆಯ ವಸ್ತುಗಳನ್ನು ಒದಗಿಸುತ್ತವೆ, ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. 2009ರಲ್ಲಿ ಬರ್ಲಿನ್ನಿನ ಹೆಲ್ಮುಟ್ ಕೆಟೆನ್‌ಮನ್ ತಂಡ ತೋರಿಸಿದ ಸಂಗತಿ ಇನ್ನೂ ಎದೆ ನಡುಗಿಸುವಂಥದ್ದು. ಮಿದುಳಿನ ಒತ್ತಾದ ಅಂಗಾಂಶದಲ್ಲಿ ಗೆಡ್ಡೆಯ ಕೋಶ ಮುಂದೆ ಸರಿಯಬೇಕಾದರೆ ದಾರಿ ಕಡಿಯುವ ಕಿಣ್ವ ಬೇಕು. ಆ ಕಿಣ್ವವನ್ನು ಮೈಕ್ರೋಗ್ಲಿಯಾಗಳು ತಯಾರಿಸುವಂತೆ ಗೆಡ್ಡೆ ಮಾಡುತ್ತದೆ. ತೋಟ ಕಾಯಲು ಇಟ್ಟವನ ಕೈಯಲ್ಲೇ ಬೇಲಿ ಕೀಳಿಸಿದ ಹಾಗೆ.

ಮೂರನೆಯದು ಬಂದದ್ದು 2018ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪೀಟರ್ ಫೆಚ್ಚಿ ತಂಡದಿಂದ. ಗ್ಲಿಯೋಬ್ಲಾಸ್ಟೋಮಾ ರೋಗಿಗಳ ರಕ್ತದಲ್ಲಿ ಟಿ ಕೋಶಗಳು ತೀರಾ ಕಡಿಮೆ ಇರುವುದು ವೈದ್ಯರಿಗೆ ಗೊತ್ತಿತ್ತು. ಚಿಕಿತ್ಸೆಯ ಅಡ್ಡಪರಿಣಾಮ ಎಂದುಕೊಂಡಿದ್ದರು. ಚಿಕಿತ್ಸೆ ಶುರುವಾಗದವರಲ್ಲೂ ಹಾಗೇ ಇತ್ತು. ಹುಡುಕಿದರೆ ಅವು ಸತ್ತಿರಲಿಲ್ಲ, ಅಸ್ಥಿಮಜ್ಜೆಯಲ್ಲಿ ಸಿಕ್ಕಿಕೊಂಡು ಕೂತಿದ್ದವು. ಅಲ್ಲಿಂದ ಹೊರಡಲು ಬೇಕಾದ ಒಂದು ಗ್ರಾಹಕ ಅವುಗಳ ಮೈಮೇಲಿಂದ ಮರೆಯಾಗಿತ್ತು. ಇಲಿಗಳಲ್ಲಿ ಬೇರೆ ಅಂಗದ ಕ್ಯಾನ್ಸರ್ ಕೋಶಗಳನ್ನು ಮಿದುಳಿನಲ್ಲಿ ಇಟ್ಟಾಗಲೂ ಹೀಗೇ ಆಯಿತು. ಅದೇ ಕೋಶಗಳನ್ನು ಮೈಯ ಬೇರೆ ಕಡೆ ಇಟ್ಟಾಗ ಆಗಲಿಲ್ಲ. ಅಂದರೆ ಈ ಮೋಸದಲ್ಲಿ ಮಿದುಳಿನದೂ ಒಂದು ಪಾಲಿದೆ. ಊದಿಕೊಳ್ಳಲು ಜಾಗವಿಲ್ಲದ ತಲೆಬುರುಡೆಯೊಳಗೆ ಉರಿಯೂತ ಎಂದರೆ ಸಾವು. ಆದ್ದರಿಂದ ಗದ್ದಲವನ್ನು ಬೇಗ ಅಡಗಿಸುವ ಏರ್ಪಾಡು ಮಿದುಳಿಗೆ ಬೇಕೇ ಬೇಕು. ಗೆಡ್ಡೆ ಆ ಏರ್ಪಾಡಿನ ನೆರಳಲ್ಲಿ ಬೆಳೆಯುತ್ತದೆ.

ಇಲ್ಲಿ ವೈದ್ಯರ ಸಂಕಟವೂ ಒಂದಿದೆ. 1961ರಲ್ಲಿ ಅಮೆರಿಕದ ಗ್ಯಾಲಿಸಿಚ್ ಮತ್ತು ಸಂಗಡಿಗರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಗೆಡ್ಡೆಯ ಸುತ್ತಲಿನ ಬಾವು ಇಳಿಸುತ್ತದೆ ಎಂದು ತೋರಿಸಿದರು. ಅಂದಿನಿಂದ ಇಂದಿನವರೆಗೆ ಈ ರೋಗಿಗಳಿಗೆ ಅದೇ ಆಸರೆ. ದೊಡ್ಡಪ್ಪನಿಗೂ ಕೊಟ್ಟರು. ಮೂರೇ ದಿನದಲ್ಲಿ ಚೊಂಬು ಚೊಂಬಾಯಿತು, ಕತ್ತಿ ಕತ್ತಿಯಾಯಿತು. ಮುಳ್ಳಿನ ಪ್ರಶ್ನೆ ಕೇಳಲು ಬೇಕಾದ ಮಾತು ಅವರಿಗೆ ಮರಳಿದ್ದೇ ಆ ಮಾತ್ರೆಯಿಂದ. ಅದೇ ಮಾತ್ರೆ ಲಿಂಫೋಸೈಟ್‌ಗಳನ್ನು ಇನ್ನಷ್ಟು ಕುಗ್ಗಿಸುತ್ತದೆ.

*

ಗೋಡೆಯ ಕಥೆ ಪೂರ್ತಿ ಕುಸಿದದ್ದು ನಮ್ಮ ಕಾಲದಲ್ಲೇ. ಮಿದುಳಿನ ದ್ರವ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಬಸಿದು ಹೋಗುತ್ತದೆ ಎಂದು ಅಮೆರಿಕದ ಹೆಲೆನ್ ಸೆರ್ 1980ರ ದಶಕದಿಂದಲೇ ಪ್ರಾಣಿಗಳಲ್ಲಿ ತೋರಿಸುತ್ತ ಬಂದಿದ್ದಳು. 2015ರಲ್ಲಿ ವರ್ಜೀನಿಯಾದ ಒಂದು ತಂಡ, ಹೆಲ್ಸಿಂಕಿಯ ಇನ್ನೊಂದು ತಂಡ, ಬೇರೆಬೇರೆಯಾಗಿ, ಮಿದುಳಿನ ಹೊದಿಕೆಯಲ್ಲಿ ದುಗ್ಧನಾಳಗಳಿವೆ ಎಂದು ಪ್ರಕಟಿಸಿದವು. ಇಟಲಿಯ ಅಂಗರಚನಾಕಾರ ಪಾವೊಲೊ ಮಸ್ಕಾಗ್ನಿ 1787ರಲ್ಲೇ ಅವನ್ನು ವರ್ಣಿಸಿದ್ದ, ಯಾರೂ ನಂಬಿರಲಿಲ್ಲ. 2020ರಲ್ಲಿ ಯೇಲ್ ವಿಶ್ವವಿದ್ಯಾಲಯದ ಎರಿಕ್ ಸಾಂಗ್, ಅಕಿಕೊ ಇವಸಾಕಿ ಮತ್ತು ಸಂಗಡಿಗರು ಆ ನಾಳಗಳನ್ನು ಬೆಳೆಯುವಂತೆ ಮಾಡಿದರೆ ಇಲಿಗಳ ಟಿ ಕೋಶಗಳು ಮಿದುಳಿನ ಗೆಡ್ಡೆಯನ್ನು ಹೆಚ್ಚು ಚೆನ್ನಾಗಿ ಎದುರಿಸುತ್ತವೆ ಎಂದು ತೋರಿಸಿದರು. ಮೆಡವಾರ್ ಹೇಳಿದ್ದ ದೂರಿಗೆ ಹೊರಡುವ ದಾರಿ ಸಿಕ್ಕಂತಾಯಿತು.

ಇಷ್ಟೆಲ್ಲ ತಿಳಿದ ಮೇಲೆ ಔಷಧ ಸಿಕ್ಕಿತೇ?

ಟಿ ಕೋಶಗಳ ಬ್ರೇಕುಗಳನ್ನು ಬಿಡಿಸುವ ಔಷಧಗಳು ಚರ್ಮದ, ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಪವಾಡದಂತೆ ಕೆಲಸ ಮಾಡಿದವು. ಆ ಬ್ರೇಕುಗಳನ್ನು ಅರ್ಥ ಮಾಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಅಂಥ ಒಂದು ಔಷಧವಾದ ನಿವೊಲುಮ್ಯಾಬ್ ಅನ್ನು ಮರಳಿ ಬಂದ ಗ್ಲಿಯೋಬ್ಲಾಸ್ಟೋಮಾದ 369 ರೋಗಿಗಳಲ್ಲಿ ಪರೀಕ್ಷಿಸಿದರು. ಅರ್ಧದಷ್ಟು ರೋಗಿಗಳು ಬದುಕಿದ ಅವಧಿ ಹೊಸ ಔಷಧ ಪಡೆದವರಲ್ಲಿ 9.8 ತಿಂಗಳು, ಹಳೆಯದನ್ನು ಪಡೆದವರಲ್ಲಿ 10 ತಿಂಗಳು. ವ್ಯತ್ಯಾಸವಿಲ್ಲ. ಮ್ಯಾಕ್ರೋಫೇಜ್‌ಗಳ ಬುದ್ಧಿ ತಿದ್ದುವ ಒಂದು ಬಗೆಯ ಔಷಧ 2013ರಲ್ಲಿ ಇಲಿಗಳ ಗೆಡ್ಡೆ ಕರಗಿಸಿತು. ಅದೇ ಬಗೆಯ ಔಷಧ ಮನುಷ್ಯರಲ್ಲಿ ಏನೂ ಮಾಡಲಿಲ್ಲ. ಬ್ರೇಕು ಬಿಡಿಸಿ ಪ್ರಯೋಜನವೇನು, ಬಂಡಿಯೇ ಅಸ್ಥಿಮಜ್ಜೆಯಲ್ಲಿ ನಿಂತಿರುವಾಗ?

ಆದರೆ ಸಣ್ಣ ಬೆಳಕುಗಳಿವೆ. 2019ರಲ್ಲಿ 35 ರೋಗಿಗಳ ಒಂದು ಪರೀಕ್ಷೆಯಲ್ಲಿ ಇಂಥದೇ ಔಷಧವನ್ನು ಕೆಲವರಿಗೆ ಆಪರೇಷನ್ನಿಗೆ ಮುಂಚೆಯೇ ಶುರುಮಾಡಿ ಆಮೇಲೂ ಮುಂದುವರಿಸಿದರು, ಉಳಿದವರಿಗೆ ಆಮೇಲಷ್ಟೇ ಕೊಟ್ಟರು. ಮುಂಚೆ ಪಡೆದವರ ಅವಧಿ 13.7 ತಿಂಗಳು, ಇನ್ನೊಂದು ಗುಂಪಿನದು 7.5. ಗೆಡ್ಡೆ ಇರುವಾಗಲೇ ಟಿ ಕೋಶಗಳಿಗೆ ಅದರ ಗುರುತು ಹಿಡಿಯಲು ಸಮಯ ಸಿಕ್ಕಿತು ಎಂಬುದು ಒಂದು ವಿವರಣೆ. ಮೆಡವಾರ್‌ನ ಮೊಲಗಳನ್ನು ಓದಿದವರಿಗೆ ಇದು ಹೊಸದಲ್ಲ. 2024ರಲ್ಲಿ ಬಾಸ್ಟನ್ನಿನ ವೈದ್ಯರು ಮೂವರು ರೋಗಿಗಳ ಸ್ವಂತ ಟಿ ಕೋಶಗಳನ್ನು ಹೊರತೆಗೆದು, ಗೆಡ್ಡೆಯನ್ನು ಗುರುತಿಸುವಂತೆ ತಿದ್ದಿ, ವೆಂಟ್ರಿಕಲ್‌ನೊಳಕ್ಕೇ ಬಿಟ್ಟರು. ಕೆಲವೇ ದಿನಗಳಲ್ಲಿ ಮೂವರ ಗೆಡ್ಡೆಗಳೂ ಕುಗ್ಗಿದವು. ಇಬ್ಬರಲ್ಲಿ ಅದು ಹೆಚ್ಚು ಕಾಲ ನಿಲ್ಲಲಿಲ್ಲ.

ಆ ವರದಿಯನ್ನು ಓದಿದ ರಾತ್ರಿ ನಾನು 1923ರ ಪ್ರಬಂಧವನ್ನು ಮತ್ತೆ ತೆಗೆದೆ. ಅದೇ ಪ್ರಾಣಿಯ ಸ್ವಂತ ಕೋಶಗಳು, ಮಿದುಳಿನೊಳಗೇ ತಂದಿಟ್ಟದ್ದು. ವೆಂಟ್ರಿಕಲ್ ಎಂಬ ಆ ಪೊಳ್ಳು. ನೂರು ವರ್ಷದ ಈಚೆ ತಂತ್ರಜ್ಞಾನ ಊಹಿಸಲಾಗದಷ್ಟು ಬದಲಾಗಿದೆ. ಆದರೂ ಮರ್ಫಿ ಇದನ್ನು ಓದಿದ್ದರೆ ಎಲ್ಲಿಂದ ಬಂತೆಂದು ಗುರುತು ಹಿಡಿಯುತ್ತಿದ್ದ.

ಎಲ್ಲರೂ ಆ ಎರಡನೇ ಅರ್ಧವನ್ನು ಓದಿದ್ದರೆ ಔಷಧ ಐವತ್ತು ವರ್ಷ ಮುಂಚೆ ಬರುತ್ತಿತ್ತು ಎಂದು ನಾನು ಹೇಳಲಾರೆ. ಟಿ ಕೋಶದ ಹೆಸರೇ ಇಲ್ಲದ ಕಾಲದಲ್ಲಿ ಅದನ್ನು ತಿದ್ದುವುದು ಹೇಗೆ? ಇತಿಹಾಸ ಓದುವವನು ಸತ್ತವರ ಮೇಲೆ ಅಂಥ ಆರೋಪ ಹೊರಿಸಬಾರದು. ಆದರೆ ‘ವಿನಾಯಿತಿ’ ಎಂಬ ಒಂದು ಒಳ್ಳೆಯ ಪದ ಸಿಕ್ಕಿದ್ದಕ್ಕೆ ಎಷ್ಟೊಂದು ಮಂದಿ ಮಿದುಳಿನ ಕಡೆ ನೋಡುವುದನ್ನು ಬಿಟ್ಟರು ಎಂಬುದು ನಿಜ. ನರವಿಜ್ಞಾನಿಗಳು ಅದು ತಮ್ಮ ವಿಷಯವಲ್ಲ ಎಂದುಕೊಂಡರು. ರೋಗನಿರೋಧಕ ವಿಜ್ಞಾನದವರು ಅಲ್ಲಿ ತಮಗೆ ಕೆಲಸವಿಲ್ಲ ಎಂದುಕೊಂಡರು. ಪ್ರಬಂಧಗಳನ್ನು ಸಾರಾಂಶದಲ್ಲೇ ಓದಿ ಮುಗಿಸುವ ನಮ್ಮಂಥ ವಿದ್ಯಾರ್ಥಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ದೊಡ್ಡಪ್ಪ ಆಪರೇಷನ್ನಾದ ಹನ್ನೊಂದನೇ ತಿಂಗಳಲ್ಲಿ ಹೋದರು. ಕೊನೆಯ ವಾರಗಳಲ್ಲಿ ಅವರಿಗೆ ಪ್ರಶ್ನೆ ಕೇಳುವ ಮಾತೂ ಇರಲಿಲ್ಲ, ಉತ್ತರ ಕೇಳುವ ತ್ರಾಣವೂ ಇರಲಿಲ್ಲ. ಈಗ ಹೇಳುವುದಾದರೆ ಹೀಗೆ ಹೇಳುತ್ತೇನೆ:

ಗೊತ್ತಾಗಿತ್ತು ದೊಡ್ಡಪ್ಪ. ಮುಳ್ಳಿಗೆ ಬಂದವರೇ ಇದಕ್ಕೂ ಬಂದಿದ್ದರು. ಮುಳ್ಳು ಹೊರಗಿನದು, ಅದಕ್ಕೆ ನಮ್ಮ ಮೈಯ ಭಾಷೆ ಬರುವುದಿಲ್ಲ. ಇದು ನಮ್ಮದೇ ಮೈಯಲ್ಲಿ ಹುಟ್ಟಿದ್ದು, ನಮ್ಮ ಮಾತಲ್ಲೇ ಮಾತಾಡಿತು. ಗಾಯವಾಗಿದೆ, ಮಾಯಿಸಿ ಎಂದಿತು. ಬಂದವರು ನಂಬಿದರು. ನೀವು ಕೇಳಿದ ಪ್ರಶ್ನೆಯನ್ನೇ ಇಟ್ಟುಕೊಂಡು ಇವತ್ತಿಗೂ ಬಹಳ ಜನ ಕೂತಿದ್ದಾರೆ.